ಅಸ್ತರು

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
ಎರಡು ಎಲುಬಿನ ನಡುವೆ ಇರಬೇಕಾದ ಸಂದಿ ತೋರಿಸಿದರು.
ಸಂದಿ ಇರಲಿಲ್ಲ.
ಅರ್ಥವಾಯಿತು ಎಂದೆ, ಅಸ್ತರು ಸವೆದಿದೆ.
ರೂವಿಯಲ್ಲಿ ನಲವತ್ತು ವರ್ಷ ದಿಶ್ದಾಶ ಹೊಲಿದವನಿಗೆ
ಇಷ್ಟು ತಿಳಿಯದೆ ಇರುತ್ತದೆಯೆ.

ಬಲಗಾಲಿಗೆ ಏನು ಕೆಲಸ ಕೊಡುತ್ತೀರಿ, ಕೇಳಿದರು.
ಹೊಲಿಗೆಗೆ ಮೋಟಾರು ಬಂದು ಹದಿನೆಂಟು ವರ್ಷ.
ಮಸೀದಿಯಲ್ಲಿ ಸಾಲಿನ ಕೊನೆಗೆ ಕುರ್ಚಿ ಹಾಕಿಕೊಳ್ಳುತ್ತೇನೆ,
ಬಾಗದ ಮಂಡಿಗೆ ಅಲ್ಲಿ ರಿಯಾಯಿತಿ ಉಂಟು.
ರಿಯಾಯಿತಿ ಕೊಡದ್ದು ಒಂದೇ,
ರೂಮಿನ ಕೆಳಗೆ, ತಗಡಿನ ಮಾಡಿನಡಿ ನಿಂತಿದೆ.

ಐವತ್ತೊಂಬತ್ತರ ಮ್ಯಾಚ್‌ಲೆಸ್.
ಯಾವನೋ ಬಿಳಿ ಮೇಜರ್ ಬಿಟ್ಟುಹೋದದ್ದು
ಮತ್ರಾದ ಬಲೂಚಿಯ ಗುಜರಿಯಲ್ಲಿ
ಕೋಳಿಗಳಿಗೆ ಅಟ್ಟವಾಗಿತ್ತು.
ನಲವತ್ತು ರಿಯಾಲು ಕೊಟ್ಟೆ.
ಆ ತಿಂಗಳು ಉಳ್ಳಾಲಕ್ಕೆ ದುಡ್ಡು ಹೋಗಲಿಲ್ಲ;
ಉಮ್ಮನಿಗೆ ಕ್ಯಾಸೆಟ್ಟಿನಲ್ಲಿ ಕೆಮ್ಮಿ ಕೆಮ್ಮಿ
ಜ್ವರ ಎಂದು ಸುಳ್ಳು ತುಂಬಿ ಕಳಿಸಿದೆ.

ಅದನ್ನು ಎಬ್ಬಿಸಲು ಒಂದು ಕ್ರಮ ಇದೆ.
ಪೆಟ್ರೋಲು ತಿರುವು.
ಕಾರ್ಬುರೇಟರಿನ ಗುಂಡಿ ಒತ್ತು, ಬೆರಳು ಒದ್ದೆಯಾಗುವ ತನಕ.
ಕಿಕ್ಕು ಮೆಲ್ಲಗೆ ಇಳಿಸು, ಒಳಗೆ ಯಾರೋ ಬಾಗಿಲು ಹಿಡಿದ ಹಾಗೆ
ತಡೆ ಸಿಗುತ್ತದೆ.
ಎಡಗೈಯ ಪುಟ್ಟ ಸನ್ನೆ ಎಳೆದು ಒಂದು ಕೂದಲು ದಾಟಿಸು, ಬಿಡು.
ಆಮೇಲೆ ಕಾಲಿನಿಂದ ಅಲ್ಲ, ಇಡೀ ಮೈಯಿಂದ.
ಅವಸರ ಮಾಡಿದರೆ ತಿರುಗಿ ಒದೆಯುತ್ತದೆ.

ಮೊದಲು ಒಂದೇ ಒದೆತ.
ಈಚೆಗೆ ಏಳು, ಎಂಟು; ಮಂಡಿಯೊಳಗೆ ಸೂಜಿ ಮುರಿದು
ಮುರಿದ ತುಂಡು ಅಲ್ಲೇ ಉಳಿದ ಹಾಗೆ.
ಫುಟ್‌ಪಾತಿನಲ್ಲಿ ಕೂತರೆ ಕೆಫೆಟೇರಿಯಾದ ಹುಡುಗ
ಕೇಳದೆಯೇ ಚಾ ತಂದು ಇಡುತ್ತಿದ್ದ.
ಆ ಕನಿಕರದ ಚಾಕ್ಕೆ ಸಕ್ಕರೆ ಜಾಸ್ತಿ.

ತೊಂಬತ್ತಾರರಲ್ಲಿ ಸಾರಮ್ಮ ಬಂದಳು, ಮೂರು ತಿಂಗಳ ವೀಸಾ.
ರಾತ್ರಿ ಕುರುಮ್ ಕಡಲಿಗೆ ಒಂದೇ ಕಡೆ ಕಾಲು ಇಳಿಬಿಟ್ಟು
ಹಿಂದೆ ಕೂತು ನನ್ನ ಕಿವಿಯಲ್ಲಿ ಏನೋ ಹೇಳಿದಳು,
ಇಂಜಿನ್ನಿಗೆ ಕೇಳಿಸಿತು, ನನಗೆ ಇಲ್ಲ.
ಈಗ ಫೋನಿನಲ್ಲಿ ಸರಿಯಾಗಿಯೇ ಕೇಳಿಸುತ್ತದೆ:
ಮಂಡಿ ಸಿಗುವ ಅಂಗಡಿ ಇದ್ದರೆ ಹೇಳಿ,
ಇಲ್ಲದಿದ್ದರೆ ಅದನ್ನು ಮಾರಿ.

ಮೊದಲು ಬಂದವನು ಕಾಫಿ ಅಂಗಡಿಯವನು.
ಗೋಡೆಗೆ ತೂಗುಹಾಕುತ್ತಾನಂತೆ, ದೀಪದೊಳಗೆ ಬಣ್ಣದ ಬಲ್ಬು.
ನಿನ್ನ ಅಜ್ಜನನ್ನು ತೂಗುಹಾಕು ಎಂದೆ,
ಬ್ಯಾರಿಯಲ್ಲಿ, ಹೊಟ್ಟೆಯೊಳಗೆ.
ಬಾಯಲ್ಲಿ ಬರೀ ತಲೆಯಾಡಿಸಿದ್ದು.

ಎರಡನೆಯವನು ನಿಜ್ವಾದ ಸುಲೈಯಮ್, ಕರೆಂಟಿನ ಕೆಲಸ.
ಮುಖಕ್ಕಿಂತ ಮೊದಲು ಕಾಲು ನೋಡಿದೆ:
ಒಳ ಅಳತೆ ಮೂವತ್ತೆರಡೂವರೆ, ಚಪ್ಪಲಿ ಸಮ ಸವೆದಿದೆ.
ಕ್ರಮ ಹೇಳಿಕೊಟ್ಟೆ. ಒಂದು ಒದ್ದ, ಏಳಲಿಲ್ಲ.
ಎರಡನೆಯದೂ ಸೋತಾಗ ನನಗಾದ ಸಂತೋಷವನ್ನು
ಈ ತನಕ ಯಾರಿಗೂ ಹೇಳಿಲ್ಲ.
ಮೂರಕ್ಕೆ ಎದ್ದಿತು. ಓಣಿಯ ಬೆಕ್ಕುಗಳೆಲ್ಲ ಚದುರಿದವು.

ದುಡ್ಡು ಎಣಿಸುತ್ತಾ ಹೇಳಿದ:
ಸೆಲ್ಫು ಕೂರಿಸುತ್ತೇನೆ ಚಾಚಾ, ಸೀಟಿನಡಿ ಬ್ಯಾಟರಿ.
ಬಾಪನಿಗೂ ಮಂಡಿ ನೋವು. ಓಡಿಸುವವರು ಅವರೇ.

ಸುಮ್ಮನಿದ್ದೆ.
ಇಷ್ಟು ವರ್ಷದಲ್ಲಿ ನನಗೆ ಹೊಳೆಯಲಿಲ್ಲವೆ?
ಹೊಳೆದಿತ್ತು. ಕಳ್ಳತನ ಅಂದುಕೊಂಡಿದ್ದೆ.

ನಾಲ್ಕು ವಾರ ಬಿಟ್ಟು ನಿಜ್ವಾ ಬಸ್ಸಿನಲ್ಲಿ ಒಂದು ಹಲ್ವಾ ಡಬ್ಬಿ.
ಮೇಲೆ ಹಲ್ವಾ, ಕೆಳಗೆ ಪೇಪರು ಸುತ್ತಿದ ಕಿಕ್ಕಿನ ಸನ್ನೆ,
ಇನ್ನು ಬೇಡವಾದದ್ದು.
ಅದರ ರಬ್ಬರು ಓರೆಯಾಗಿ ಸವೆದಿದೆ,
ನನ್ನ ಅಂಗಾಲು ಯಾವ ಕಡೆ ವಾಲುತ್ತದೋ ಆ ಕಡೆಗೆ.

ಕತ್ತರಿಸುವ ಮೇಜಿನ ಮೇಲೆ ಈಗ ಅದೇ
ಬಟ್ಟೆ ಹಾರದ ಹಾಗೆ ಹಿಡಿದುಕೊಂಡಿದೆ.
ನಿನ್ನೆ ಸುಲೈಯಮನ ಬಾಪನ ಅಳತೆ ಫೋನಿನಲ್ಲಿ ಬಂತು.
ಬಿಳಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು
ಕೆಳಗಿನ ಘೇರಿಗೆ ಎರಡಿಂಚು ಹೆಚ್ಚು ಬಿಟ್ಟೆ,
ಕಾಲು ಆಚೆ ದಾಟಿಸಿ ಕೂರುವುದಕ್ಕೆ.